ನೆರಳನ್ನು ಕೇಳದ ಸೌರ ಸಹಾಯಧನ

ಕೇಂದ್ರ ಸರ್ಕಾರವು 2024ರ ಫೆಬ್ರುವರಿಯಲ್ಲಿ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್ ಸೌರ ಘಟಕಕ್ಕೆ 30 ಸಾವಿರ, 2 ಕಿಲೋವ್ಯಾಟ್‌ಗೆ 60 ಸಾವಿರ, 3 ಮತ್ತು ಅದಕ್ಕೆ ಮೇಲ್ಪಟ್ಟು 78 ಸಾವಿರ ರೂಪಾಯಿ ಸಹಾಯಧನ ನಿಗದಿಯಾಯಿತು. ಈ ಹಣ ಫಲಕಗಳ ಸಾಮರ್ಥ್ಯಕ್ಕೆ ಸಲ್ಲುತ್ತದೆಯೇ ಹೊರತು ಅವು ಉತ್ಪಾದಿಸುವ ಯೂನಿಟ್‌ಗಳಿಗಲ್ಲ. ಮಾಳಿಗೆಯ ಮೇಲೆ ನೆರಳಿದ್ದರೆ ನಷ್ಟ ಮನೆಯವರದೇ.

ಬೆಂಗಳೂರಿನ 30x40 ನಿವೇಶನಗಳಲ್ಲಿ ನೆರಳಿಲ್ಲದ ಮಾಳಿಗೆ ಅಪರೂಪ. ಪಕ್ಕದ ಮನೆಯ ಮೂರನೇ ಮಹಡಿ, ತೆಂಗಿನ ಗರಿ, ಎಲ್ಲಕ್ಕೂ ಮಿಗಿಲಾಗಿ ನೀರಿನ ಟ್ಯಾಂಕ್. ವಾಸ್ತುವಿನ ಪ್ರಕಾರ ಟ್ಯಾಂಕ್ ನೈರುತ್ಯದಲ್ಲಿರಬೇಕಂತೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ಬಾಗಿರುವುದರಿಂದ ನಡುಹಗಲಿನಲ್ಲೂ ಟ್ಯಾಂಕಿನ ಎತ್ತರದ ಮುಕ್ಕಾಲು ಪಾಲಿನಷ್ಟು ನೆರಳು ಉತ್ತರಕ್ಕೆ ಚಾಚುತ್ತದೆ. ಮಧ್ಯಾಹ್ನ ಇಳಿದಂತೆ ಈಶಾನ್ಯಕ್ಕೆ ತಿರುಗಿ ಇಡೀ ಮಾಳಿಗೆಯನ್ನು ಆವರಿಸುತ್ತದೆ. ವಾಸ್ತು ಪಂಡಿತರು ಸೌರ ಫಲಕವನ್ನು ಕಂಡಿರಲಿಲ್ಲವೆನ್ನೋಣ.

ಅಂಗೈಯಗಲದ ನೆರಳು ಅಷ್ಟೊಂದು ಹಾನಿ ಮಾಡುವುದೇಕೆ? ಫಲಕದೊಳಗಿನ ಕೋಶಗಳು ಸರಣಿಯಲ್ಲಿ ಜೋಡಣೆಗೊಂಡಿರುತ್ತವೆ. ಕಾಲುವೆಯ ಒಂದೆಡೆ ಹೂಳು ತುಂಬಿದರೆ ಕೊನೆಯ ಗದ್ದೆಗೆ ನೀರು ಮುಟ್ಟದಂತೆ, ಒಂದು ಕೋಶ ಮಂಕಾದರೆ ಇಡೀ ಸಾಲಿನ ವಿದ್ಯುತ್ ಪ್ರವಾಹ ಕುಗ್ಗುತ್ತದೆ. ಇದನ್ನು ತಪ್ಪಿಸಲೆಂದೇ ಪ್ರತಿ ಫಲಕದಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್‌ಗಳಿರುತ್ತವೆ. ಅವು ನೆರಳಿನ ಭಾಗವನ್ನು ಬಳಸಿಕೊಂಡು ಪ್ರವಾಹವನ್ನು ಮುಂದಕ್ಕೆ ಸಾಗಿಸುತ್ತವೆ. ಆದರೆ ಒಂದು ಕೋಶದ ಸಲುವಾಗಿ ಫಲಕದ ಮೂರನೆಯ ಒಂದು ಪಾಲು ನಷ್ಟವಾಗುತ್ತದೆ.

ಪರಿಹಾರಗಳಲ್ಲಿ ಕೆಲವಕ್ಕೆ ಹೆಚ್ಚು ಖರ್ಚಿಲ್ಲ. ಹಲವು ಇನ್ವರ್ಟರ್‌ಗಳಲ್ಲಿ ಎರಡು ಪ್ರತ್ಯೇಕ ಪ್ರವೇಶಗಳಿದ್ದು, ನೆರಳಿನ ಫಲಕಗಳನ್ನು ಒಂದಕ್ಕೂ ಬಿಸಿಲಿನವನ್ನು ಇನ್ನೊಂದಕ್ಕೂ ಜೋಡಿಸಬಹುದು. ಈಗ ಸಾಮಾನ್ಯವಾಗಿರುವ ಅರ್ಧ ಕೋಶದ ಫಲಕವನ್ನು ನೀಳವಾಗಿ ನಿಲ್ಲಿಸಿದರೆ, ಕೆಳಗಿನ ಅರ್ಧಕ್ಕೆ ಪ್ಯಾರಾಪೆಟ್ಟಿನ ನೆರಳು ಬಿದ್ದರೂ ಮೇಲಿನರ್ಧ ದುಡಿಯುತ್ತದೆ. ಹಲವು ಇನ್ವರ್ಟರ್‌ಗಳಲ್ಲಿ ನೆರಳಿಗೆ ಹೊಂದಿಕೊಳ್ಳುವ ಸೌಲಭ್ಯವೂ ಇದೆ. ಅದನ್ನು ಚಾಲೂ ಮಾಡಿಸಿಕೊಳ್ಳಬೇಕಷ್ಟೆ. ಪ್ರತಿ ಫಲಕಕ್ಕೂ ಆಪ್ಟಿಮೈಸರ್ ಅಥವಾ ಮೈಕ್ರೋ ಇನ್ವರ್ಟರ್ ಅಳವಡಿಸುವುದು ದುಬಾರಿ. ನೆರಳು ಕೆಲವೇ ಫಲಕಗಳ ಮೇಲೆ ದಿನದ ಕೆಲ ಹೊತ್ತು ಮಾತ್ರ ಸುಳಿದಾಡುವಲ್ಲಿ ಅದು ಸಾರ್ಥಕವಾದೀತು. ದಿನವಿಡೀ ಕತ್ತಲಿರುವ ಮೂಲೆಯಲ್ಲಿ ಯಾವ ಉಪಕರಣವೂ ಬೆಳಕನ್ನು ಸೃಷ್ಟಿಸದು. ಅಲ್ಲಿ 3 ಕಿಲೋವ್ಯಾಟ್ ಬದಲು 2 ಕಿಲೋವ್ಯಾಟ್ ಹಾಕಿಸುವುದೇ ಲಾಭ, ಸಹಾಯಧನ 18 ಸಾವಿರ ಕಡಿಮೆಯಾದರೂ ಸರಿಯೇ.

ಈ ಸಲಹೆಯನ್ನು ಕಿಲೋವ್ಯಾಟ್ ಲೆಕ್ಕದಲ್ಲಿ ಮಾರುವ ಗುತ್ತಿಗೆದಾರನಿಂದ ನಿರೀಕ್ಷಿಸಲಾಗದು. ಆದ್ದರಿಂದ ಮುಂಗಡ ಕೊಡುವ ಮುನ್ನ, ನೆರಳನ್ನು ಕಳೆದು ತಿಂಗಳುವಾರು ಎಷ್ಟು ಯೂನಿಟ್ ಬರುತ್ತದೆಂಬುದನ್ನು, ಡಿಸೆಂಬರ್ ಮತ್ತು ಜೂನ್ ಬೇರೆಬೇರೆಯಾಗಿ, ಬರವಣಿಗೆಯಲ್ಲಿ ಪಡೆಯಬೇಕು. ಅದೇ ಪತ್ರವನ್ನು ಸಹಾಯಧನದ ಅರ್ಜಿಯೊಡನೆ ಕಡ್ಡಾಯಗೊಳಿಸಲು ಸರ್ಕಾರಕ್ಕೆ ಹೆಚ್ಚುವರಿ ವೆಚ್ಚವೇನೂ ತಗಲದು.