ಪಥ್ಯಕ್ಕೂ ಒಂದು ರಜೆ ಬೇಡವೇ?

ತೂಕ ಇಳಿಸಲು ಪಥ್ಯ ಹಿಡಿದ ಗೃಹಿಣಿಗೆ ನಮ್ಮ ಊರಿನಲ್ಲಿ ಪರೀಕ್ಷೆಗಳು ಒಂದರ ಹಿಂದೆ ಒಂದು ಬರುತ್ತವೆ. ಶವ್ವಾಲ್ ತಿಂಗಳು ಬಂತೆಂದರೆ ಬೆಳ್ತಂಗಡಿ, ಉಜಿರೆ, ಗುರುವಾಯನಕೆರೆ, ಮಡಂತ್ಯಾರಿನ ಸಭಾಂಗಣಗಳಲ್ಲಿ ಮದುವೆಗಳ ಸಾಲು. ಅದು ಮುಗಿಯುವಷ್ಟರಲ್ಲಿ ಗಲ್ಫಿನಿಂದ ಪತಿ ರಜೆಯಲ್ಲಿ ಬರುತ್ತಾರೆ. ಅವರ ಹಿಂದೆಯೇ ನೆಂಟರ ಮನೆಯ ಔತಣಗಳು. ಹಾಗೇ ನೋಡುತ್ತಿದ್ದಂತೆ ಬಕ್ರೀದ್. ತಟ್ಟೆಯಲ್ಲಿ ಘೀ ರೈಸ್, ಪತ್ತಿರ್, ಕೋಳಿ ಸಾರು ಇರುವಾಗ 'ನನಗೆ ಬೇಡ, ನಾನು ಡಯಟ್‌ನಲ್ಲಿದ್ದೇನೆ' ಎಂದರೆ ಅತ್ತಿಗೆ ನಗುತ್ತಾಳೆ, ಅತ್ತೆ ಮುಖ ಸಣ್ಣದು ಮಾಡುತ್ತಾರೆ. ತಿಂದರೆ ಮನಸ್ಸು ಚುಚ್ಚುತ್ತದೆ.

ನನಗೆ ಪರಿಚಯವಿರುವ ಒಬ್ಬ ಸಹೋದರಿಗೆ ರಕ್ತದಲ್ಲಿ ಸಕ್ಕರೆ ಏರುತ್ತಿದೆಯೆಂದು ವೈದ್ಯರು ತೂಕ ಇಳಿಸಲು ಹೇಳಿದ್ದರು. ಆಕೆ ನಾಲ್ಕು ತಿಂಗಳು ಕಟ್ಟುನಿಟ್ಟಾಗಿ ನಡೆದು ಏಳು ಕಿಲೋ ಇಳಿಸಿದರು. ತಂಗಿಯ ಮಗಳ ನಿಕಾಹ್ ದಿನ ಎಲ್ಲರೊಂದಿಗೆ ಕುಳಿತು ಬಿರಿಯಾನಿ ಉಂಡರು. ಮರುದಿನ ಬೆಳಿಗ್ಗೆ ತೂಕ ನೋಡಿದರೆ ಎರಡು ಕಿಲೋ ಹೆಚ್ಚು. ನಾಲ್ಕು ತಿಂಗಳ ಶ್ರಮ ಒಂದೇ ಊಟಕ್ಕೆ ಹೋಯಿತೆಂದು ಅತ್ತುಬಿಟ್ಟರು. ಅಂದಿನಿಂದ ಪಥ್ಯವನ್ನೇ ಕೈಬಿಟ್ಟರು. ಆರು ತಿಂಗಳಲ್ಲಿ ಇಳಿದ ಏಳೂ ಕಿಲೋ ಮರಳಿ ಬಂತು, ಜೊತೆಗೆ ಇನ್ನೆರಡು. ಸಕ್ಕರೆಯೂ ಏರಿತು.

ಆಕೆಯನ್ನು ಕೆಡಿಸಿದ್ದು ಆ ಬಿರಿಯಾನಿಯೇ? ಲೆಕ್ಕ ಹಾಕಿ ನೋಡೋಣ. ದೇಹದಲ್ಲಿ ಒಂದು ಕಿಲೋ ಕೊಬ್ಬು ಸೇರಬೇಕಾದರೆ ಅಗತ್ಯಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚಾಗಿ ತಿನ್ನಬೇಕು. ಎರಡು ಕಿಲೋಗೆ 15,400. ಒಂದು ಮಧ್ಯಾಹ್ನದಲ್ಲಿ ಯಾರೂ ಅಷ್ಟು ತಿನ್ನಲಾರರು. ಹಾಗಾದರೆ ತೂಕ ಏರಿದ್ದೇಕೆ? ಅನ್ನ, ರೊಟ್ಟಿಯ ಪಿಷ್ಟವನ್ನು ದೇಹವು ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರೂ ಸೇರಿಕೊಳ್ಳುತ್ತದೆ. ಪಥ್ಯದ ಮೊದಲ ವಾರದಲ್ಲಿ ಸರ್ರನೆ ಇಳಿಯುವುದೂ ಮುಖ್ಯವಾಗಿ ಈ ನೀರೇ. ಹೊಟ್ಟೆ ತುಂಬ ಉಂಡ ದಿನ ಅದು ಮರಳಿ ಬರುತ್ತದೆ. ಊಟದ ಉಪ್ಪು ಇನ್ನಷ್ಟು ನೀರು ಹಿಡಿದಿಡುತ್ತದೆ. ನಾಲ್ಕಾರು ದಿನ ಎಂದಿನಂತೆ ಉಂಡರೆ ಅದು ಹೊರಟುಹೋಗುತ್ತದೆ. ನಿಜವಾದ ಹಾನಿಯಾದದ್ದು ಮದುವೆಯ ನಂತರದ ಆರು ತಿಂಗಳಲ್ಲಿ. ಯೋಜನೆಯಿಲ್ಲದೆ ಬಂದ ವಿರಾಮಕ್ಕೆ ಕೊನೆಯ ದಿನವೂ ಇರಲಿಲ್ಲ.

ವಿರಾಮವನ್ನು ಮೊದಲೇ ಗೊತ್ತುಮಾಡಿಕೊಂಡಿದ್ದರೆ?

ದೇಹ ಏಕೆ ಹಠ ಹಿಡಿಯುತ್ತದೆ?

ಕಡಿಮೆ ತಿನ್ನುತ್ತಾ ಹೋದಂತೆ ದೇಹವೂ ಖರ್ಚು ಕಡಿಮೆ ಮಾಡುತ್ತದೆ. ಸಂಬಳ ಇಳಿದಾಗ ಜಾಣ ಗೃಹಿಣಿ ಮನೆಯ ಖರ್ಚನ್ನು ಬಿಗಿ ಮಾಡುವಂತೆಯೇ ಇದು. ಶರೀರ ಹಗುರವಾದಾಗ ಅದನ್ನು ಹೊತ್ತು ನಡೆಯಲು ಬೇಕಾದ ಶಕ್ತಿಯೂ ಕಡಿಮೆ ಸಾಕು. ಅದರ ಮೇಲೆ ದೇಹವು ಇನ್ನೂ ಸ್ವಲ್ಪ ಉಳಿತಾಯ ಮಾಡುತ್ತದೆ. ನಮಗರಿವಿಲ್ಲದೆಯೇ ಓಡಾಟ ತಗ್ಗುತ್ತದೆ. ಹೊಟ್ಟೆ ತುಂಬಿತೆಂದು ಮೆದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನು ಇಳಿಯುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಏರುತ್ತದೆ. ಎರಡು ಮೂರು ತಿಂಗಳ ನಂತರ ತೂಕ ನಿಂತಲ್ಲೇ ನಿಲ್ಲುವುದಕ್ಕೂ, ಮಕ್ಕಳು ತಟ್ಟೆಯಲ್ಲಿ ಬಿಟ್ಟ ತುತ್ತಿನ ಕಡೆಗೆ ಕೈ ತಾನಾಗಿಯೇ ಹೋಗುವುದಕ್ಕೂ ಇದೇ ಕಾರಣ. ಇದನ್ನು ಮನೋದೌರ್ಬಲ್ಯವೆಂದು ಹಳಿದುಕೊಳ್ಳುವ ಅಗತ್ಯವಿಲ್ಲ. ಬರಗಾಲದಲ್ಲಿ ಮನುಷ್ಯ ಬದುಕಿ ಉಳಿಯಲೆಂದು ಅಲ್ಲಾಹನು ದೇಹದಲ್ಲಿಟ್ಟ ರಕ್ಷಣೆ ಇದು.

ನಡುವೆ ವಿರಾಮ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಸಂಶೋಧಕರು ಪರೀಕ್ಷಿಸಿದ್ದಾರೆ. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ವಿಶ್ವವಿದ್ಯಾಲಯದ ನುಆಲಾ ಬೈರ್ನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 51 ಸ್ಥೂಲಕಾಯದ ಪುರುಷರಿದ್ದರು. ಒಂದು ಗುಂಪು 16 ವಾರ ಎಡೆಬಿಡದೆ ಪಥ್ಯ ಮಾಡಿತು. ಇನ್ನೊಂದು ಗುಂಪು ಎರಡು ವಾರ ಪಥ್ಯ, ಎರಡು ವಾರ ವಿರಾಮ ಎಂಬಂತೆ ಅದೇ 16 ವಾರಗಳ ಪಥ್ಯವನ್ನು 30 ವಾರಗಳಲ್ಲಿ ಮುಗಿಸಿತು. ಮೊದಲ ಗುಂಪಿನವರು ಸರಾಸರಿ 9 ಕಿಲೋ ಇಳಿದರೆ ಎರಡನೆಯವರು 14 ಕಿಲೋ ಇಳಿದರು.

ಇದನ್ನು ಓದಿ ವಿರಾಮವೆಂದರೆ ಮಂತ್ರದಂಡವೆಂದು ತಿಳಿಯಬಾರದು. ಅವರೆಲ್ಲ ಗಂಡಸರು. ಅಳತೆಯ ಆಹಾರ ಅವರ ಮನೆಗೇ ಬರುತ್ತಿತ್ತು. ಸಮಯವೂ ಹೆಚ್ಚುಕಡಿಮೆ ಇಮ್ಮಡಿಯಾಯಿತು. 2023ರಲ್ಲಿ ವ್ಯಾಯಾಮ ಮಾಡುವ 38 ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ ವಿರಾಮ ಪಡೆದವರಿಗೂ ಪಡೆಯದವರಿಗೂ ಕೊಬ್ಬಿನ ಇಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೈಮೀರಿ ತಿಂದುಬಿಡುವ ಪ್ರವೃತ್ತಿಯ ವಿಷಯದಲ್ಲಿ ಮಾತ್ರ ವಿರಾಮ ಪಡೆದವರಿಗೆ ಅನುಕೂಲವಾಯಿತು. ಅದಕ್ಕೂ ಹಿಂದೆ, 2003ರಲ್ಲಿ, ಅಮೆರಿಕದ ಇಬ್ಬರು ಸಂಶೋಧಕರು ಜನರು ಹೇಗೆ ಹಾದಿ ತಪ್ಪುತ್ತಾರೆಂದು ತಿಳಿಯಲು ಬೇಕೆಂದೇ ಪಥ್ಯ ನಿಲ್ಲಿಸಲು ಹೇಳಿದ್ದರು. ಅವರ ನಿರೀಕ್ಷೆ ಸುಳ್ಳಾಯಿತು. ಗೊತ್ತುಪಡಿಸಿದ ವಿರಾಮ ಮುಗಿದ ಮೇಲೆ ಜನರು ಮತ್ತೆ ಪಥ್ಯಕ್ಕೆ ಮರಳಿದರು. ಒಟ್ಟು ಫಲಿತಾಂಶದಲ್ಲಿ ಅವರು ಉಳಿದವರಿಗಿಂತ ಹಿಂದೆ ಬೀಳಲಿಲ್ಲ.

ಒಟ್ಟಿನಲ್ಲಿ ವಿರಾಮದಿಂದ ತೂಕ ಬೇಗ ಇಳಿಯುತ್ತದೆಂಬ ಖಾತ್ರಿಯಿಲ್ಲ. ಆದರೆ ಹೇಳಿ ಕೇಳಿ ಪಡೆದ ವಿರಾಮದಿಂದ ಪಥ್ಯ ಕೆಡುವುದಿಲ್ಲ. ಜಮಾಲಾಬಾದಿನ ಗಡಾಯಿಕಲ್ಲನ್ನು ಹತ್ತಿದವರಿಗೆ ಇದು ಗೊತ್ತು. ಟಿಪ್ಪು ಸುಲ್ತಾನ್ 1794ರಲ್ಲಿ ಕಟ್ಟಿಸಿ ತಾಯಿಯ ಹೆಸರಿಟ್ಟ ಆ ಕೋಟೆಗೆ ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಏರುವವರು ವಿರಳ. ನಡುವೆ ಕುಳಿತು ನೀರು ಕುಡಿಯುತ್ತಾರೆ. ಕುಳಿತವರು ಕೆಳಗಿಳಿಯುವುದಿಲ್ಲ, ಅದೇ ಮೆಟ್ಟಿಲಿನಿಂದ ಮುಂದಕ್ಕೆ ಏರುತ್ತಾರೆ.

ಪ್ರವಾದಿಯವರು(ಸ) ಕಲಿಸಿದ ಅಳತೆ

ವಿರಾಮದ ಈ ಪಾಠ ಮುಸ್ಲಿಮರಿಗೆ ಹೊಸದಲ್ಲ. ಅಬ್ದುಲ್ಲಾ ಬಿನ್ ಅಮ್ರ್(ರ) ಎಂಬ ಯುವ ಸಹಾಬಿ ಪ್ರತಿದಿನವೂ ಉಪವಾಸ ಆಚರಿಸುತ್ತಿದ್ದರು. ಅದನ್ನು ತಿಳಿದ ಪ್ರವಾದಿಯವರು(ಸ) ಅವರನ್ನು ತಡೆದರು. ದೇಹಕ್ಕೂ, ಕಣ್ಣಿಗೂ, ಪತ್ನಿಗೂ, ಮನೆಗೆ ಬರುವ ಅತಿಥಿಗಳಿಗೂ ನಿನ್ನ ಮೇಲೆ ಹಕ್ಕಿದೆಯೆಂದು ತಿಳಿಹೇಳಿದರು. ತಿಂಗಳಿಗೆ ಮೂರು ಉಪವಾಸ ಸಾಕೆಂದರು. ಅವರು ಇನ್ನೂ ಹೆಚ್ಚು ಸಾಧ್ಯವೆಂದು ಹಠ ಹಿಡಿದಾಗ, ಕೊನೆಗೆ ಒಂದು ದಿನ ಬಿಟ್ಟು ಒಂದು ದಿನ ಆಚರಿಸುವ ದಾವೂದ್(ಅ)ರ ಉಪವಾಸಕ್ಕೆ ಅನುಮತಿಯಿತ್ತು, ಅದಕ್ಕಿಂತ ಉತ್ತಮವಾದುದಿಲ್ಲ ಎಂದರು. ವೃದ್ಧಾಪ್ಯದಲ್ಲಿ ದೇಹ ಸೋತಾಗ ಅಬ್ದುಲ್ಲಾ(ರ), ಅಂದೇ ಆ ರಿಯಾಯಿತಿಯನ್ನು ಸ್ವೀಕರಿಸಿದ್ದರೆ ಚೆನ್ನಾಗಿತ್ತೆಂದು ಪರಿತಪಿಸಿದರು. ಬುಖಾರಿಯಲ್ಲಿರುವ ಈ ಹದೀಸನ್ನು ನಾವು ಉಪವಾಸದ ಪಾಠದಲ್ಲಿ ಓದುತ್ತೇವೆ, ಅಡುಗೆಮನೆಗೆ ಬಂದಾಗ ಮರೆಯುತ್ತೇವೆ.

ಇಫ್ತಾರ್ ಇಲ್ಲದೆ ಉಪವಾಸವನ್ನು ಮುಂದುವರಿಸುತ್ತಾ ಹೋಗುವುದನ್ನೂ ಪ್ರವಾದಿಯವರು(ಸ) ಅನುಯಾಯಿಗಳಿಗೆ ನಿಷೇಧಿಸಿದರು. ಎರಡು ಈದ್‌ಗಳಂದು ಉಪವಾಸವೇ ಸಲ್ಲದು. ಬಕ್ರೀದ್ ನಂತರದ ಮೂರು ತಶ್ರೀಕ್ ದಿನಗಳೂ ಉಣ್ಣುವ, ಕುಡಿಯುವ, ಅಲ್ಲಾಹನನ್ನು ಸ್ಮರಿಸುವ ದಿನಗಳು. ಆರಾಧನೆಯಲ್ಲೇ ಹೀಗೆ ಬಿಡುವು ಇರುವಾಗ ನಾವೇ ವಿಧಿಸಿಕೊಂಡ ಪಥ್ಯದಲ್ಲಿ ಏಕಿರಬಾರದು? ಆದರೆ ಬಿಡುವು ಎಂದರೆ ದುಂದು ಅಲ್ಲ. ಅಲ್ ಅಅ್‌ರಾಫ್ ಅಧ್ಯಾಯದ 31ನೇ ಸೂಕ್ತದಲ್ಲಿ ಉಣ್ಣಲು ಅನುಮತಿಯಿರುವಲ್ಲೇ ಮಿತಿಮೀರುವುದಕ್ಕೆ ತಡೆಯೂ ಇದೆ.

ವಿರಾಮ ಹೇಗಿರಬೇಕು?

ಎರಡು ಮೂರು ತಿಂಗಳು ಪಥ್ಯ ಮಾಡಿದವರು ಒಂದು ಅಥವಾ ಎರಡು ವಾರ ವಿರಾಮ ಪಡೆಯಬಹುದು. ಮದುವೆ, ಹಬ್ಬ, ಪತಿಯ ರಜೆಯ ಮೊದಲ ವಾರ ಇವುಗಳನ್ನು ನೋಡಿ ದಿನ ಆರಿಸಿಕೊಳ್ಳಿ. ಆರಂಭದ ದಿನವನ್ನೂ ಕೊನೆಯ ದಿನವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಕೊನೆಯ ದಿನ ಬರೆಯದ ವಿರಾಮ ವಿರಾಮವಲ್ಲ.

ಈ ದಿನಗಳಲ್ಲಿ ತೂಕ ಏರದ, ಇಳಿಯದ ಅಳತೆಯಲ್ಲಿ ಉಣ್ಣಬೇಕು. ಉದಾಹರಣೆಗೆ 1,400 ಕ್ಯಾಲೊರಿಯ ಪಥ್ಯದಲ್ಲಿರುವ ಸ್ತ್ರೀಗೆ ತೂಕ ನಿಲ್ಲಿಸಿಕೊಳ್ಳಲು 1,800 ಬೇಕೆಂದಿಟ್ಟುಕೊಳ್ಳಿ. ವ್ಯತ್ಯಾಸ 400. ಒಂದು ಕಪ್ ಕುಚ್ಚಲಕ್ಕಿ ಅನ್ನ, ಒಂದು ಬೇಯಿಸಿದ ಮೊಟ್ಟೆ, ಒಂದು ಬಾಳೆಹಣ್ಣು ಸೇರಿದರೆ ಹೆಚ್ಚುಕಡಿಮೆ ಅಷ್ಟಾಯಿತು. ದಿನಕ್ಕೆ ಇಷ್ಟೇ ಹೆಚ್ಚಳ. ಔತಣದ ದಿನ ಘೀ ರೈಸ್ ಉಂಡರೆ ರಾತ್ರಿ ಗಂಜಿ, ಪಲ್ಯ, ಸಾರಿನ ಮೀನು ಸಾಕು. ಮೀನು, ಮೊಟ್ಟೆ, ಹೆಸರುಕಾಳು, ಬಸಳೆ, ಹರಿವೆ ಎಂದಿನಂತೆಯೇ ಇರಲಿ. ನಡಿಗೆಯನ್ನು ನಿಲ್ಲಿಸಬೇಡಿ. ಜ್ಯೂಸ್, ಕೋಲಾ, ಬೇಕರಿ ತಿಂಡಿಗಳಿಗೆ ಮಾತ್ರ ಬಾಗಿಲು ತೆರೆಯಬೇಡಿ. ಅವು ಹೊಟ್ಟೆ ತುಂಬಿಸುವುದಿಲ್ಲ, ಲೆಕ್ಕ ತುಂಬಿಸುತ್ತವೆ.

ವಿರಾಮದಲ್ಲಿ ದಿನವೂ ತೂಕ ನೋಡಬೇಡಿ. ಒಂದೆರಡು ಕಿಲೋ ಏರಿದ್ದು ಕಂಡರೂ ಅದು ಬಹುಪಾಲು ನೀರೆಂದು ನೆನಪಿಡಿ. ಪಥ್ಯಕ್ಕೆ ಮರಳಿ ಒಂದು ವಾರವಾದ ಮೇಲೆ ನೋಡಿದರೆ ನಿಜಸ್ಥಿತಿ ತಿಳಿಯುತ್ತದೆ. ತೂಕದ ಜೊತೆ ಸೊಂಟದ ಸುತ್ತಳತೆಯನ್ನೂ ಬರೆದಿಡಿ. ಭಾರತೀಯ ಸ್ತ್ರೀಯರಿಗೆ ಅದು 80 ಸೆಂಟಿಮೀಟರ್ ದಾಟದಿರುವುದು ಒಳ್ಳೆಯದೆಂದು ವೈದ್ಯರು ಹೇಳುತ್ತಾರೆ.

ರಮಝಾನನ್ನು ತೂಕ ಇಳಿಸುವ ತಿಂಗಳೆಂದು ಎಣಿಸಬೇಡಿ. ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಆ ತಿಂಗಳಲ್ಲಿ ಸರಾಸರಿ ಒಂದು ಕಿಲೋಗಿಂತ ತುಸು ಹೆಚ್ಚು ಇಳಿದು, ಕೆಲವೇ ವಾರಗಳಲ್ಲಿ ಬಹುಪಾಲು ಮರಳಿದ್ದು ಕಂಡಿದೆ. ಉಪವಾಸದ ಉದ್ದೇಶ ತಕ್ವಾ. ಇಫ್ತಾರ್‌ನಲ್ಲಿ ಸಮೋಸದ ತಟ್ಟೆಯನ್ನು ದೂರವಿಟ್ಟು ಇದ್ದ ತೂಕವನ್ನು ಉಳಿಸಿಕೊಂಡರೆ ಅದೇ ದೊಡ್ಡ ಲಾಭ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಆಹಾರವನ್ನು ಇಳಿಸುವಾಗಲೂ ಏರಿಸುವಾಗಲೂ ವೈದ್ಯರನ್ನು ಕೇಳಲೇಬೇಕು. ಗರ್ಭಿಣಿಯರು, ಹಾಲೂಡುವ ತಾಯಂದಿರು ವೈದ್ಯರು ಹೇಳದೆ ಪಥ್ಯಕ್ಕೇ ಇಳಿಯಬಾರದು. ಮದುವೆ ಗೊತ್ತಾದ ಹೆಣ್ಣುಮಕ್ಕಳಿಗೆ ಎರಡು ತಿಂಗಳು ಬರೀ ಹಣ್ಣು, ನೀರು ಕೊಟ್ಟು ತೆಳ್ಳಗೆ ಮಾಡಲು ಹೊರಡುವ ತಾಯಂದಿರೂ ಒಮ್ಮೆ ಯೋಚಿಸಲಿ. ಸೊರಗಿದ ಮಗಳನ್ನು ಹೊಸ ಮನೆಗೆ ಕಳುಹಿಸಿ ಸಾಧಿಸುವುದೇನು?

ಮನೆಯವರಿಗೂ ಒಂದು ಮಾತು. ಪಥ್ಯದಲ್ಲಿರುವ ಸೊಸೆಯ ತಟ್ಟೆಗೆ ಒತ್ತಾಯದಿಂದ ಬಡಿಸುವುದು ಪ್ರೀತಿಯಲ್ಲ. ಆಕೆ ವಿರಾಮದಲ್ಲಿ ಒಂದು ತುಂಡು ಹೆಚ್ಚು ತಿಂದಾಗ 'ಡಯಟ್ ಎಲ್ಲಿ ಹೋಯಿತು?' ಎಂದು ಎಲ್ಲರೆದುರು ಹಂಗಿಸುವುದು ಹಾಸ್ಯವಲ್ಲ. ಆ ಒಂದು ಮಾತಿಗೆ ಕುಗ್ಗಿ ಔಷಧ, ಪಥ್ಯ ಎರಡನ್ನೂ ಬಿಟ್ಟು ಕುಳಿತವರಿದ್ದಾರೆ.

ಅಲ್ಲಾಹನಿಗೆ ಪ್ರಿಯವಾದ ಕರ್ಮ, ಸಣ್ಣದಾದರೂ ನಿರಂತರವಾಗಿರುವಂಥದ್ದು ಎಂದು ಆಯಿಶಾ(ರ) ವರದಿ ಮಾಡಿದ ಹದೀಸ್ ತಿಳಿಸುತ್ತದೆ. ನಾಲ್ಕು ತಿಂಗಳ ಕಠೋರ ಪಥ್ಯಕ್ಕಿಂತ ಬಿಡುವು ಪಡೆಯುತ್ತಾ ವರ್ಷಗಟ್ಟಲೆ ನಡೆಸುವ ಮಿತಾಹಾರ ಮೇಲು. ದೇಹವು ಅಲ್ಲಾಹನು ನಮ್ಮ ವಶಕ್ಕೆ ಕೊಟ್ಟ ಅಮಾನತ್ತು. ಅದರ ಹಕ್ಕನ್ನು ಅರಿತು ನಡೆಯಲು ಅವನು ನಮ್ಮೆಲ್ಲರನ್ನು ಅನುಗ್ರಹಿಸಲಿ, ಆಮೀನ್.