ಗಣಿಯ ಫೋಟೋದಲ್ಲಿ ಮನುಷ್ಯರೆಲ್ಲಿ?

ಹಳೇ ಗಣಿಯೊಳಗೆ ನುಗ್ಗಿ ಫೋಟೋ ತೆಗೆಯೋದು ಈಗೊಂದು ಶೋಕಿ. ತುಕ್ಕು ಹಿಡಿದ ಹಳಿ, ಕೊಳೆತ ಮರದ ಆಸರೆ, ಎಲ್‌ಇಡಿ ಬೆಳಕಿಗೆ ಬೆನ್ನು ಮಾಡಿ ನಿಂತ ಹೆಲ್ಮೆಟ್‌ಧಾರಿ. ಕೆಳಗೆ ‘ಕಾಲ ನಿಂತುಹೋದ ಜಾಗ’ ಅನ್ನೋ ಸಾಲು. ನನ್ನ ತಕರಾರು ಆ ಸಾಲಿನ ಮೇಲೆ. ಅಲ್ಲಿ ನಿಂತಿದ್ದು ಕಾಲವಲ್ಲ ಸ್ವಾಮಿ, ಜನರ ಸಂಬಳ.

ಕೆಜಿಎಫ್ ಅಂದ್ರೆ ನಮಗೆಲ್ಲ 2018ರ ಸಿನಿಮಾ. ಅಸಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಆ ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಮೀರುತ್ತಿತ್ತು. ಒತ್ತಡಕ್ಕೆ ಬಂಡೆಯೇ ಸಿಡಿದು ಕಾರ್ಮಿಕರು ಸತ್ತಿದ್ದಾರೆ. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋಗಿದ್ದು ಈ ಗಣಿಗೆ. ನಮ್ಮ ಬೆಂಗಳೂರಿಗೆ ದೀಪ ಬಂದಿದ್ದು 1905ರಲ್ಲಿ.

ಪಂಪು ನಿಂತ ಮೇಲೆ ಆ ಆಳಕ್ಕೆಲ್ಲ ನೀರು ತುಂಬಿಕೊಂಡಿದೆ. ಅಂದ್ರೆ ಯಾರೇ ನುಗ್ಗಿದರೂ ಸಿಗೋದು ಮೇಲಿನ ಹೊಸ್ತಿಲು ಮಾತ್ರ. ಒಳಗಿನ ಗಣಿ ಈಗ ಉಳಿದಿರೋದು ಅಲ್ಲಿ ದುಡಿದವರ ನೆನಪಿನಲ್ಲಿ. ಅವರಿಗೂ ವಯಸ್ಸಾಗ್ತಿದೆ.

‘ಇದೂ ದಾಖಲೆ ತಾನೇ?’ ಅಂತೀರಿ. ಸರಿ, ಅನುಮತಿ ತಗೊಂಡು, ಗಣಿ ಬಲ್ಲವರ ಜೊತೆ, ಗಾಳಿ ಅಳೆಯೋ ಮೀಟರ್ ಹಿಡಿದು ಹೋಗಿ. ಮುಚ್ಚಿದ ಸುರಂಗದಲ್ಲಿ ಆಮ್ಲಜನಕ ಕಮ್ಮಿಯಾದರೆ ವಾಸನೆ ಬರಲ್ಲ, ತಲೆ ಸುತ್ತುವಷ್ಟರಲ್ಲಿ ಕಾಲು ಸೋತಿರುತ್ತೆ. ನಿಮ್ಮನ್ನು ಎತ್ತೋಕೆ ಇಳಿಯೋ ಗೆಳೆಯನಿಗೂ ಅದೇ ಗತಿ. ಕದ್ದು ನುಗ್ಗಿ ತೆಗೆದದ್ದನ್ನ ದಾಖಲೆ ಅನ್ನಬೇಡಿ.

ನಾನು ಹಾರನಹಳ್ಳಿಯವನು. ನಮ್ಮೂರ ಚೆನ್ನಕೇಶವ, ಸೋಮೇಶ್ವರ ಗುಡಿಗಳಿಗೂ ಕ್ಯಾಮೆರಾ ಹಿಡಿದು ಬರ್ತಾರೆ, ಸಂತೋಷ. ಹೊಯ್ಸಳರ ಕಾಲದಲ್ಲಿ ಕಲ್ಲು ಕೆತ್ತಿದವನಿಗೆ ಹೆಸರಿತ್ತು. ಬಳ್ಳಿಗಾವೆಯ ದಾಸೋಜ ಬೇಲೂರಿನಲ್ಲಿ ಕೆತ್ತಿದ ಶಿಲ್ಪದ ಬುಡದಲ್ಲೇ ತನ್ನ ಹೆಸರು ಬಿಟ್ಟುಹೋದ. ಒಂಬೈನೂರು ವರ್ಷದ ಹಿಂದೆ ಇದ್ದ ಆ ಮರ್ಯಾದೆ, ಮೊನ್ನೆ ಮೊನ್ನೆ ಕಲ್ಲು ಒಡೆದ ಗಣಿ ಕಾರ್ಮಿಕನಿಗೆ ಯಾಕಿಲ್ಲ? ಅವರಲ್ಲಿ ಬಹುಪಾಲು ತಮಿಳು, ತೆಲುಗು ಸೀಮೆಯಿಂದ ಬಂದ ದಲಿತರು ಅಂತಲಾ?

ಅವರನ್ನು ಹುಡುಕೋಕೆ ಸುರಂಗ ಬೇಕಿಲ್ಲ. ಮಾರಿಕುಪ್ಪಂನಿಂದ ಬೆಂಗಳೂರಿಗೆ ಬರೋ ಬೆಳಗಿನ ರೈಲು ಹತ್ತಿ. ಗಣಿ ಮನೆತನದವರು ಕೆಲಸಕ್ಕೆ ಬರೋದು ಅದರಲ್ಲೇ. ದಿನಾ ನಿಮ್ಮ ಆಫೀಸಿನ ಗೇಟಲ್ಲಿ ಐಡಿ ಕಾರ್ಡ್ ನೋಡೋರ ಅಪ್ಪನೂ ಆ ಆಳಕ್ಕೆ ಇಳಿದಿರಬಹುದು. ಭಾನುವಾರ ಅವರ ಊರಿಗೆ ಹೋಗಿ, ಕೇಳಿ, ಒಪ್ಪಿದರೆ ರೆಕಾರ್ಡ್ ಮಾಡಿ. ಫೋಟೋ ತೆಗೆದರೆ ಕೆಳಗೆ ಅವರ ಹೆಸರು ಹಾಕಿ. ನಿಮ್ಮ ಹೆಸರು ಆಮೇಲೆ.