ಆರಾಧನೆಯ ಪರೀಕ್ಷೆ ಪಂಕ್ತಿಯಲ್ಲಿ

ಶಿವಮೊಗ್ಗೆಯಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯ ಮೇಲಿರುವ ಮಲವಗೊಪ್ಪವು, ಬಹುಕಾಲದಿಂದ ಮುಚ್ಚಿರುವ ತುಂಗಭದ್ರಾ ಸಕ್ಕರೆ ಕಾರ್ಖಾನೆಯ ನೆರೆಯ ಊರು. 1918ರಲ್ಲಿ ನಿರ್ಮಾಣ ಆರಂಭವಾಗಿ 1923ರಲ್ಲಿ ಕಬ್ಬಿಣವನ್ನು ಹರಿಸಿದ ಭದ್ರಾವತಿಯ ಕಾರ್ಖಾನೆಯೂ, ಅದರ ತರುವಾಯ ಬಂದ ಕಾಗದದ ಗಿರಣಿಯೂ ಹತ್ತಿರದಲ್ಲೇ ಇದ್ದುದರಿಂದ, ಕೂಲಿಯನ್ನೋ ಭೂಮಿಯನ್ನೋ ಅರಸಿ ನಾನಾ ಪ್ರದೇಶಗಳಿಂದ ಬಂದವರ ಸಂತತಿ ಈ ದಾರಿಯುದ್ದಕ್ಕೂ ನೆಲೆಸಿದೆ. ಇಲ್ಲಿಯ ಕ್ರೈಸ್ತರಲ್ಲಿ ತಮಿಳಿನವರು, ತೆಲುಗಿನವರು, ಕರಾವಳಿಯ ಕೊಂಕಣಿಗರು, ಕೇರಳದಿಂದ ಮಲೆನಾಡಿಗೆ ಬಂದ ಬೇಸಾಯಗಾರರು, ಕನ್ನಡವೇ ಮನೆಮಾತಾದವರು ಎಲ್ಲರೂ ಉಂಟು. ಸಭೆಗಳೂ ಒಂದಲ್ಲ: 1988ರಲ್ಲಿ ಸ್ಥಾಪಿತವಾದ ಶಿವಮೊಗ್ಗ ಕಥೋಲಿಕ ಧರ್ಮಕ್ಷೇತ್ರ, 2007ರಲ್ಲಿ ರೂಪುಗೊಂಡ ಸಿರೋ ಮಲಬಾರ್ ಸಂಪ್ರದಾಯದ ಭದ್ರಾವತಿ ಧರ್ಮಕ್ಷೇತ್ರ, ದಕ್ಷಿಣ ಭಾರತ ಸಭೆ, ಇವುಗಳಲ್ಲದೆ ಸ್ವತಂತ್ರವಾದ ಪ್ರಾರ್ಥನಾಕೂಟಗಳು. ಭಾನುವಾರದಂದು ಒಂದೇ ಬೀದಿಯವರು ಬೇರೆಬೇರೆ ಬಾಗಿಲುಗಳನ್ನು ಪ್ರವೇಶಿಸುವ ಇಂಥ ಊರಿಗೆ, ವರ್ಷದಲ್ಲಿ ಒಂದು ದಿನವಾದರೂ ಎಲ್ಲರೂ ಕೂಡಿ ಆರಾಧಿಸಿ ಕೂಡಿ ಉಣ್ಣುವ ಅನ್ಯೋನ್ಯತೆಯ ದಿನವು ಅತ್ಯವಶ್ಯಕವೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಂಥ ದಿನದ ಕ್ರಮವು ಸಭೆಯವರಿಗೆಲ್ಲ ಪರಿಚಿತವೇ: ಬೆಳಗ್ಗೆ ಸ್ತುತಿಗೀತೆಗಳು, ವಾಕ್ಯಪಠನ, ಸಭಾಪಾಲಕರ ಪ್ರಸಂಗ, ರೋಗದಿಂದಲೋ ಋಣದಿಂದಲೋ ಪಾರಾದವರ ಸಾಕ್ಷಿ, ಮಧ್ಯಾಹ್ನ ಪ್ರೀತಿಭೋಜನ. ಈ ಭೋಜನವನ್ನು ಆರಾಧನೆ ಮುಗಿದ ಮೇಲಿನ ಉಪಚಾರವೆಂದು ಭಾವಿಸುವವರೇ ಹೆಚ್ಚು. ಆದರೆ ಅಪೊಸ್ತಲನಾದ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರದ ಹನ್ನೊಂದನೆಯ ಅಧ್ಯಾಯವನ್ನು ಓದಿದವರು ಹಾಗೆ ಭಾವಿಸಲಾರರು. ಉಳ್ಳವರು ತಮ್ಮ ಬುತ್ತಿಯನ್ನು ಮೊದಲೇ ಉಂಡು ತೃಪ್ತರಾಗಿ, ಇಲ್ಲದವರು ಹಸಿದು ನಾಚುವಂತಾದ ಕೂಟವನ್ನು ಕರ್ತನ ಭೋಜನವೆಂದು ಕರೆಯಲು ಅವನು ಒಪ್ಪಲಿಲ್ಲ. ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿದಾಗ ಎಲ್ಲರೂ ಸಮಾನರಾಗಿ ತೋರುವುದು ಸುಲಭ. ಎಲೆಯ ಮುಂದೆ ಕಣ್ಣು ತೆರೆದು ಕುಳಿತಾಗ ಪಕ್ಕದಲ್ಲಿರುವವರು ಯಾರೆಂಬುದು ತಿಳಿಯುತ್ತದೆ.

ಪಂಕ್ತಿಯ ಸಮಾನತೆ ಈ ನೆಲಕ್ಕೂ ಹೊಸದಲ್ಲ: ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯು ಶರಣ ಅಲ್ಲಮಪ್ರಭುವಿನ ಊರು. ಎಲ್ಲ ಕಾಯಕದವರೂ ಒಂದೇ ಪಂಕ್ತಿಯಲ್ಲಿ ಕುಳಿತ ಹನ್ನೆರಡನೆಯ ಶತಮಾನದ ಶರಣರ ದಾಸೋಹದ ಸ್ಮರಣೆ ಇಲ್ಲಿ ಇನ್ನೂ ಜೀವಂತವಾಗಿದೆ. ಆದರೆ ಜಾತಿಯೆಂಬುದು ದೀಕ್ಷಾಸ್ನಾನದ ನೀರಿನಿಂದ ತಾನಾಗಿ ತೊಳೆದುಹೋಗಲಿಲ್ಲವೆಂಬುದನ್ನೂ, ದಕ್ಷಿಣ ದೇಶದ ಅನೇಕ ಸಭೆಗಳಲ್ಲಿ ಕುಲಭೇದವು ಆಸನಗಳಿಗೂ ಸ್ಮಶಾನಕ್ಕೂ ಹಿಂಬಾಲಿಸಿತೆಂಬುದನ್ನೂ ಕ್ರೈಸ್ತರು ಮರೆಯಲಾಗದು. ಆ ಭೇದವನ್ನು ಕೈಯಾರೆ ಅಳಿಸುವ ಸ್ಥಳ ಪಂಕ್ತಿಯೇ.

ಇನ್ನು ಭಾಷೆಯ ಮಾತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಪಟ್ಟ ಶ್ರಮದ ಫಲವಾಗಿ 1831ರ ವೇಳೆಗೇ ಸಮಗ್ರ ಬೈಬಲ್ ಕನ್ನಡದಲ್ಲಿ ದೊರೆತಿತ್ತು. ಕಥೋಲಿಕರಲ್ಲಿಯೂ, ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಅನುಮತಿಯಿತ್ತ ತರುವಾಯ, ಲ್ಯಾಟಿನ್ನಿನ ಸ್ಥಾನಕ್ಕೆ ದೇಶಭಾಷೆಗಳು ಬಂದವು. ಆದುದರಿಂದ ಕೂಡು ಆರಾಧನೆಯ ಭಾಷೆ ಕನ್ನಡವೇ ಆಗತಕ್ಕುದು. ಮನೆಯ ಮಾತು ಯಾವುದಾದರೂ ಆಗಿರಲಿ, ಸಂತೆಯಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಈ ಜನರನ್ನು ಪರಸ್ಪರ ಕೂಡಿಸಿದ ಭಾಷೆ ಅದೊಂದೇ. ಆದರೆ ತಮಿಳಿನಲ್ಲೋ ಕೊಂಕಣಿಯಲ್ಲೋ ಪ್ರಾರ್ಥಿಸಲು ತಾಯಿಯಿಂದ ಕಲಿತ ಮುದುಕಿಗೆ ಅಂದು ತನ್ನ ಹಾಡನ್ನು ಹಾಡುವ ಅವಕಾಶವಿಲ್ಲದಿದ್ದರೆ ಅದು ಅನ್ಯಾಯ. ಅವಳ ಹಾಡನ್ನೂ ಎಲ್ಲರೂ ಎದ್ದು ನಿಂತು ಕೇಳಬೇಕು.

ಸಭೆಗಳು ಕೂಡುವುದು ಅಸಾಧ್ಯವೆನ್ನುವವರಿಗೆ, ಆಂಗ್ಲಿಕನರೂ ಮೆಥಡಿಸ್ಟರೂ ದಕ್ಷಿಣ ಭಾರತ ಸಂಯುಕ್ತ ಸಭೆಯವರೂ, 1919ರಲ್ಲಿ ಆರಂಭವಾದ ಮಾತುಕತೆಯ ಫಲವಾಗಿ, ಸ್ವಾತಂತ್ರ್ಯ ಬಂದ ಸುಮಾರು ಆರು ವಾರಗಳಲ್ಲಿ, 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಒಂದೇ ದಕ್ಷಿಣ ಭಾರತ ಸಭೆಯಾದುದನ್ನು ತೋರಿಸಬಹುದು. ನಾನು ಕೇಳುತ್ತಿರುವುದು ಅಷ್ಟು ದೊಡ್ಡ ಐಕ್ಯವನ್ನಲ್ಲ. ಕರ್ತನ ಭೋಜನದ ವಿಷಯದಲ್ಲಿ ಆಯಾ ಸಭೆಯ ನಿಯಮ ಆಯಾ ಸಭೆಗೆ ಇರಲಿ. ಅನ್ನ ಸಾರಿಗೆ ಯಾವ ನಿಯಮವೂ ಅಡ್ಡಿಯಿಲ್ಲ. ಮಧ್ಯಾಹ್ನದ ಊಟಕ್ಕೆ ಸಭೆಗಳು ನೆರೆಯ ಹಿಂದೂ ಮುಸಲ್ಮಾನ ಕುಟುಂಬಗಳನ್ನು, ಮತಾಂತರದ ಶಂಕೆಗೆ ಆಸ್ಪದವಿಲ್ಲದಂತೆ ಕೇವಲ ನೆರೆಯವರೆಂದೇ ಕರೆಯಲಿ; ಅವರು ಸಂಕೋಚವಿಲ್ಲದೆ ಉಣ್ಣುವ ಅಡುಗೆಯನ್ನೇ ಮಾಡಿಸಲಿ. ಗುರುಗಳಿಗೂ ಗಣ್ಯರಿಗೂ ಬೇರೆ ಮೇಜು ಹಾಕುವ ರೂಢಿಯನ್ನು ಬಿಟ್ಟು, ಬೆಳಗಿನ ಜಾವದಿಂದ ಒಲೆಯ ಮುಂದೆ ಬೆಂದ ಹೆಂಗಸರನ್ನು ಮೊದಲನೆಯ ಪಂಕ್ತಿಯಲ್ಲಿ ಕುಳ್ಳಿರಿಸಿ, ಸಭಾಪಾಲಕರೂ ಹಿರಿಯರೂ ಅವರಿಗೆ ಬಡಿಸಲಿ.